ಅಲೆಗಿಂತ ಬಾಗಿಲ ಭಯ

ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿಯೇ ದಾಟಿದೆ ಅಂದರೆ ಎಲ್ಲರೂ ಮೊದಲು ಕೇಳುವುದು ಅಲೆಗಳ ಬಗ್ಗೆ. "ಮನೆಯೆತ್ತರದ ಅಲೆ ಬಂದರೆ ಏನು ಮಾಡ್ತೀರಿ?" ಹೆಚ್ಚಿನ ಸಲ ಏನೂ ಮಾಡಬೇಕಾಗುವುದಿಲ್ಲ. ಏಳೆಂಟು ಮೀಟರಿನ ದೋಣಿ ಅಲೆಯ ಜೊತೆ ಜಗಳಕ್ಕಿಳಿಯದೆ, ನೀರಿಗೆ ಬಿದ್ದ ತೆಂಗಿನಕಾಯಿಯಂತೆ ಮೇಲೇರಿ ಆಚೆ ಇಳಿಯುತ್ತದೆ. ನನಗೆ ಭಯವಿದ್ದದ್ದು ಕ್ಯಾಬಿನ್ನಿನ ಬಾಗಿಲಿನದು.

ನಾವು ಇಬ್ಬರು. ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಕೆರಿಬಿಯನ್ನಿನ ಆಂಟಿಗುವಾಕ್ಕೆ, ಸುಮಾರು 4,800 ಕಿ.ಮೀ. ಹೊರಟಿದ್ದು ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಚಂಡಮಾರುತಗಳ ಕಾಲ ಮುಗಿದಿರುತ್ತದೆ, ವಾಣಿಜ್ಯ ಮಾರುತ ದೋಣಿಯನ್ನು ಹಿಂದಿನಿಂದ ತಳ್ಳುತ್ತದೆ.

ಇಂಥ ದೋಣಿ ಮಗುಚಿದರೂ ತಾನಾಗಿ ಏಳುತ್ತದೆ. ಕ್ಯಾಬಿನ್ನುಗಳಲ್ಲಿ ತುಂಬಿದ ಗಾಳಿ, ತಳದಲ್ಲಿ ಜೋಡಿಸಿದ ಆಹಾರ-ಬ್ಯಾಟರಿಗಳ ಭಾರ ಎರಡೂ ಸೇರಿ ಅದನ್ನು ನೆಟ್ಟಗೆ ತಿರುಗಿಸುತ್ತವೆ. ಬಾಗಿಲು ತೆರೆದಿದ್ದರೆ ಗಾಳಿಯ ಜಾಗಕ್ಕೆ ನೀರು ನುಗ್ಗುತ್ತದೆ, ದೋಣಿ ಏಳುವುದಿಲ್ಲ. ಹಾಗಂತ ಮುಚ್ಚಿಕೊಂಡು ಮಲಗಿದರೆ ಮಧ್ಯಾಹ್ನದ ಸೆಕೆಗೆ ಉಸಿರು ಕಟ್ಟುತ್ತದೆ. ಒಂದು ಬೆರಳಿನಷ್ಟು ತೆರೆದಿಡೋಣ ಅನ್ನಿಸದ ದಿನವೇ ಇಲ್ಲ.

ಎರಡು ಗಂಟೆಗೊಮ್ಮೆ ಪಾಳಿ ಬದಲಾಗುವ ಹೊತ್ತೇ ಅಪಾಯದ್ದು. ಹುಟ್ಟು ಹಾಕುವವರು ದೋಣಿಯ ಹಿಂಭಾಗಕ್ಕೆ ಮುಖ ಮಾಡಿ ಕೂರುವುದರಿಂದ ಬರುವ ಅಲೆ ಅವರಿಗೇ ಕಾಣುವುದು. ಕೂತವರು ದೊಡ್ಡ ಅಲೆಗಳ ಸಾಲು ಹಾದುಹೋಗುವವರೆಗೆ ಕಾದು "ಬಾ" ಅನ್ನುತ್ತಾರೆ. ಒಳಗಿದ್ದವರು ಬಾಗಿಲು ತೆರೆದು, ಕೈ ಮಾತ್ರ ಚಾಚಿ ಸೊಂಟದ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿ, ಆಮೇಲೆ ಹೊರಬಂದು, ಹಿಡಿ ತಿರುಗಿಸಿ ಬಾಗಿಲು ಮುಚ್ಚಿ "ಬಿತ್ತು" ಅನ್ನಬೇಕು. ಆ ಮಾತು ಕೇಳದೆ ಇನ್ನೊಬ್ಬರು ಜಾಗ ಬಿಟ್ಟೇಳುವಂತಿಲ್ಲ. ನಿದ್ದೆಗಣ್ಣಲ್ಲಿ ಇದು ಪೂಜೆಯ ಮಂತ್ರದಷ್ಟೇ ಯಾಂತ್ರಿಕವಾಗಿತ್ತು, ಹಾಗಿದ್ದದ್ದೇ ಒಳ್ಳೆಯದಾಯಿತು.

ಹಿಂದೆ ನೋಡಿ ಕೂರುವುದರ ತೊಂದರೆ ಅಂದರೆ ಮುಂದಿನ ಹಡಗು ಕಾಣುವುದಿಲ್ಲ. ಹಡಗಿನವರಿಗೂ ಅಲೆಗಳ ನಡುವೆ ನಾವು ಕಾಣುವುದು ಕಷ್ಟ. ಹತ್ತಿರದ ಹಡಗುಗಳನ್ನು ಅವುಗಳ ರೇಡಿಯೋ ಸಂಕೇತದಿಂದ ಗುರುತಿಸುವ ಎಐಎಸ್ ಯಂತ್ರ ಕೂಗಿದ ಕೂಡಲೇ ರೇಡಿಯೋದಲ್ಲಿ ಕರೆದು, ನಮಗೆ ಪಕ್ಕಕ್ಕೆ ಸರಿಯುವ ವೇಗವಿಲ್ಲ ಅಂತ ಹೇಳುತ್ತಿದ್ದೆವು. ತಳಕ್ಕೆ ಅಂಟುವ ಚಿಪ್ಪುಗಳನ್ನು ಕೆರೆಯಲು ನೀರಿಗಿಳಿಯುವುದು ಇನ್ನೊಂದು ತಲೆನೋವು: ಹಗ್ಗ ಬಿಚ್ಚಿಹೋದರೆ, ಗಾಳಿಗೆ ತೇಲುವ ದೋಣಿಯನ್ನು ಈಜಿ ಹಿಡಿಯುವುದು ಸುಲಭವಲ್ಲ. ಇದೇ ದಾರಿಯನ್ನು 2025ರ ಆರಂಭದಲ್ಲಿ 52 ದಿನಗಳಲ್ಲಿ ಒಬ್ಬರೇ ಮುಗಿಸಿದ ಬೆಂಗಳೂರು ಮೂಲದ ಅನನ್ಯಾ ಪ್ರಸಾದ್ ಅವರಿಗೆ "ಬಾ" ಅನ್ನಲೂ ಯಾರಿರಲಿಲ್ಲ. ಆ ಧೈರ್ಯ ನನಗಿಲ್ಲ.

ಉಪಗ್ರಹದ ಮೂಲಕ ನೆರವಿನ ಕರೆ ಬೇಗ ತಲುಪುತ್ತದೆ, ಹಡಗು ಅಷ್ಟು ಬೇಗ ಬರುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದಲ್ಲಿ ಬೆನ್ನಿಗೆ ಪೆಟ್ಟಾಗಿ ತಮ್ಮ ಹಾಯಿದೋಣಿಯಲ್ಲಿ ಮಲಗಿದ್ದ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರ ಬಳಿಗೆ ಫ್ರೆಂಚ್ ಹಡಗು ಬರಲು ಸುಮಾರು ಮೂರು ದಿನ ಹಿಡಿಯಿತು. ಆದ್ದರಿಂದ ಗಾಯಕ್ಕೆ ಹೊಲಿಗೆ ಹಾಕುವುದನ್ನೂ ಕಲಿತೇ ಹೊರಟಿದ್ದೆವು. ಸೂಜಿ ಪೊಟ್ಟಣದಲ್ಲೇ ಉಳಿಯಿತು. ಉಪ್ಪುನೀರಿನಿಂದ ಕೂರುವ ಜಾಗದಲ್ಲೆಲ್ಲ ಎದ್ದ ಹುಣ್ಣಿಗೆ ಹಚ್ಚುವ ಮುಲಾಮು ಮಾತ್ರ ಅರ್ಧ ದಾರಿಗೇ ಖಾಲಿ.