ಆರಿಸಿದ ಮೇಲೂ ಮಿಣುಕುತ್ತಿದ್ದ ಮೆಟ್ಟಿಲ ದೀಪ

ಹಾಸನದ ನಮ್ಮ ಹಳೆಯ ಮನೆಯಲ್ಲಿ ಮಹಡಿ ಮೆಟ್ಟಿಲಿಗೆ ಇರುವುದು ಒಂದೇ ದೀಪ. ಅದನ್ನು ಕೆಳಗಿನಿಂದಲೂ ಮೇಲಿನಿಂದಲೂ ಹತ್ತಿಸಿ ಆರಿಸಲು ಎರಡು ಟೂ-ವೇ ಸ್ವಿಚ್‌ಗಳಿವೆ. 60 ವ್ಯಾಟಿನ ಹಳೆಯ ಬಲ್ಬು ಸುಟ್ಟುಹೋದಾಗ 9 ವ್ಯಾಟಿನ ಎಲ್‌ಇಡಿ ಹಾಕಿದೆವು. "ಇದು ಪೂರ್ತಿ ಆರೋದೇ ಇಲ್ಲ ಕಣೋ, ಸ್ವಲ್ಪ ನೋಡು" ಎಂದು ಅಮ್ಮ ಹೇಳಿದ ಮೇಲೆಯೇ ಅದು ರಾತ್ರಿಯಿಡೀ ಮಸುಕಾಗಿ ಮಿಣುಕುತ್ತಿರುವುದು ನನ್ನ ಗಮನಕ್ಕೆ ಬಂದದ್ದು. ವೈರಿಂಗ್ ನನ್ನ ವೃತ್ತಿ, ಪರವಾನಗಿಯೂ ಇದೆ. ಆದರೆ ಈ ದೀಪವನ್ನು ಅಲ್ಲಿಯವರೆಗೆ ಬಿಚ್ಚಿ ನೋಡಿರಲಿಲ್ಲ.

ಕೆಳಮನೆಯ ಕರೆಂಟು ಕಡಿಯಲು ಅದರ ಎಂಸಿಬಿ (ಸರ್ಕ್ಯೂಟ್ ಬ್ರೇಕರ್) ಇಳಿಸಿ, ಬಲ್ಬು ತೆಗೆದು ಹೋಲ್ಡರಿನ ಪಿನ್ನಿಗೆ ಟೆಸ್ಟರ್ ಮುಟ್ಟಿಸಿದೆ. ಟೆಸ್ಟರಿನ ದೀಪ ಹತ್ತಿಕೊಂಡಿತು. ಕೂಡಲೇ ಇಳಿದು ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಎರಡೂ ಬೋರ್ಡುಗಳನ್ನು ಬಿಚ್ಚಿದೆ. ಕರೆಂಟು ತರುವ ಫೇಸ್ ವೈರು ಮಹಡಿಯ ಸರ್ಕ್ಯೂಟಿನಿಂದ ನೇರವಾಗಿ ಹೋಲ್ಡರಿಗೆ ಬಂದಿತ್ತು. ಸ್ವಿಚ್‌ಗಳ ಮೂಲಕ ಹಾದುಹೋಗುತ್ತಿದ್ದುದು ಕೆಳಮನೆಯ ನ್ಯೂಟ್ರಲ್, ಅಂದರೆ ಕರೆಂಟು ಹಿಂದಿರುಗುವ ವೈರು. ಹೀಗಾಗಿ ಸ್ವಿಚ್ ಆಫ್ ಆಗಿದ್ದಾಗಲೂ ಹೋಲ್ಡರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತಿತ್ತು. ಒಟ್ಟಿಗೆ ಸಾಗುವ ವೈರುಗಳ ನಡುವೆ ಸೋರುವ ಅತ್ಯಲ್ಪ ಕರೆಂಟು ಎಲ್‌ಇಡಿಯನ್ನು ಮಿಣುಕಿಸಲು ಸಾಕಾಗುತ್ತದೆ, ತಂತಿಯ ಬಲ್ಬಿನಲ್ಲಿ ಅದು ಕಾಣುವುದಿಲ್ಲ. ಸ್ಟೂಲ್ ಹತ್ತಿ ಅಮ್ಮ ಎಷ್ಟು ಬಾರಿ ಆ ಬಲ್ಬನ್ನು ಒರೆಸಿದ್ದಾರೋ ಎಂದು ನೆನೆದು ಎದೆ ನಡುಗಿತು.

ಕೆಳಗಿನ ಬೋರ್ಡಿನಲ್ಲಿ ನ್ಯೂಟ್ರಲ್ ಬಿಡಿಸಿ ಅಲ್ಲಿಗೆ ಕೆಳಮನೆಯ ಫೇಸ್ ಕೊಟ್ಟು, ದೀಪಕ್ಕೆ ಮಹಡಿಯ ನ್ಯೂಟ್ರಲ್ ಸೇರಿಸಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಒಂದು ಸರ್ಕ್ಯೂಟಿನ ಫೇಸ್, ಇನ್ನೊಂದರ ನ್ಯೂಟ್ರಲ್ ಎಂದಾದರೆ, ಮುಂದೆ ಪ್ರತಿ ಮಹಡಿಗೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ವ್ಯತ್ಯಾಸ ಕಂಡರೆ ಸರ್ಕ್ಯೂಟನ್ನು ಕಡಿಯುವ ಸಾಧನ) ಹಾಕಿದಾಗ ಹೋದ ಕರೆಂಟು ಅದೇ ದಾರಿಯಲ್ಲಿ ಹಿಂದಿರುಗದೆ ಅದು ಟ್ರಿಪ್ ಆಗುತ್ತದೆ. ಆದ್ದರಿಂದ ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ, ಕೆಳಮನೆಯಿಂದಲೇ ದೀಪದವರೆಗೆ ನ್ಯೂಟ್ರಲ್‌ಗಾಗಿ 1.5 ಚದರ ಮಿ.ಮೀ.ನ ಕಪ್ಪು ವೈರನ್ನು ಹೊಸದಾಗಿ ಎಳೆದೆ. ಮೆಟ್ಟಿಲಿನ ತಿರುವಿನಲ್ಲಿ ಪೈಪು ಸಿಮೆಂಟು ಹಿಡಿದು ಕಿರಿದಾಗಿತ್ತು. ವೈರಿಗೆ ಸೋಪಿನ ಪುಡಿ ಸವರಿ, ತಮ್ಮನನ್ನು ಮೇಲೆ ನಿಲ್ಲಿಸಿ, ಎಳೆದು ಬಿಟ್ಟು ಎಳೆದು ಬಿಟ್ಟು ಅದನ್ನು ದಾಟಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಇನ್ನು ಸ್ವಿಚ್‌ಗಳು. ಟೂ-ವೇ ಸ್ವಿಚ್ಚಿನಲ್ಲಿ ಮೂರು ಟರ್ಮಿನಲ್ಲುಗಳಿರುತ್ತವೆ, ಒತ್ತಿದಂತೆ ಉಳಿದೆರಡರಲ್ಲಿ ಒಂದಕ್ಕೆ ಸೇರಿಕೊಳ್ಳುವುದು ಕಾಮನ್. ಕೆಳಗಿನದರ ಕಾಮನ್ ಟರ್ಮಿನಲ್ಲಿಗೆ ಫೇಸ್, ಮೇಲಿನದರ ಕಾಮನ್ನಿನಿಂದ ದೀಪಕ್ಕೆ ವೈರು, ಉಳಿದ ಎರಡೆರಡು ಟರ್ಮಿನಲ್ಲುಗಳನ್ನು ಸೇರಿಸಲು ಹಳದಿ ಮತ್ತು ನೀಲಿ ವೈರು. ಮೇಲಕ್ಕೆ ಹೊಸ ಸ್ವಿಚ್ ತಂದಿದ್ದೆ. ಮಧ್ಯದ್ದೇ ಕಾಮನ್ ಎಂದು ಎಣಿಸಿ ಜೋಡಿಸಿದೆ. ಆ ಸ್ವಿಚ್ಚನ್ನು ಒಂದು ಕಡೆಗೆ ಒತ್ತಿದಾಗ ಮಾತ್ರ ಕೆಳಗಿನ ಸ್ವಿಚ್ ಕೆಲಸ ಮಾಡುತ್ತಿತ್ತು, ಇನ್ನೊಂದು ಕಡೆಗೆ ಒತ್ತಿದರೆ ಕೆಳಗೆ ಏನು ಮಾಡಿದರೂ ದೀಪವಿಲ್ಲ. ಮತ್ತೆ ಮೇನ್ ಆಫ್ ಮಾಡಿ, ಸ್ವಿಚ್ ಕಳಚಿ ಮಲ್ಟಿಮೀಟರ್ ಹಿಡಿದಾಗ ತಿಳಿದದ್ದು, ಆ ಸ್ವಿಚ್ಚಿನ ಕಾಮನ್ ಒಂದು ಬದಿಯ ತುದಿಯಲ್ಲಿತ್ತು. ಈಗ ಕಣ್ಣಂದಾಜನ್ನು ನೆಚ್ಚದೆ, ಪ್ರತಿ ಟೂ-ವೇ ಸ್ವಿಚ್ಚನ್ನೂ ಮೀಟರಿನಲ್ಲಿ ನೋಡಿಯೇ ಗೋಡೆಗೆ ಕೂರಿಸುತ್ತೇನೆ.

ಎರಡು ಸ್ವಿಚ್‌ಗಳ ನಾಲ್ಕೂ ಸ್ಥಿತಿಗಳನ್ನು ಪರೀಕ್ಷಿಸಿ, ಆಫ್ ಇದ್ದ ಎರಡರಲ್ಲೂ ಬಲ್ಬು ತೆಗೆದು ಹೋಲ್ಡರಿನ ಪಿನ್ನುಗಳ ನಡುವೆಯೂ, ಪಿನ್ನು ಮತ್ತು ಅರ್ಥಿಂಗಿನ ನಡುವೆಯೂ ವೋಲ್ಟೇಜ್ ಅಳೆದೆ, 230ರ ಸುಳಿವಿರಲಿಲ್ಲ. ಕೆಳಮನೆಯ ಎಂಸಿಬಿಯ ಮೇಲೆ "ಮೆಟ್ಟಿಲ ದೀಪವೂ ಇದರಲ್ಲೇ" ಎಂದು ಚೀಟಿ ಬರೆದು ಅಂಟಿಸಿದೆ.