ವಾಲ್ವ್ ಸೋರಿದರೆ ಮೊದಲು ಗ್ಲ್ಯಾಂಡ್ ನೋಡಿ

ಟಾಕಿಯಿಂದ ಬಚ್ಚಲಿಗೆ ಇಳಿಯುವ ಪೈಪಿನ ಗೇಟ್ ವಾಲ್ವ್, ಅಂದರೆ ಚಕ್ರ ತಿರುಗಿಸಿ ನೀರು ಬಿಡುವ ವಾಲ್ವ್, ತೊಟ್ಟಿಕ್ಕತೊಡಗಿದರೆ ಮೊದಲು ಕೆಳಗೊಂದು ಬಕೆಟ್ ಇಡುತ್ತೇವೆ. ಬಕೆಟ್ ಚೆಲ್ಲಿ ಚೆಲ್ಲಿ ಬೇಸರ ಬಂದ ಮೇಲೆ ಪ್ಲಂಬರ್ ನೆನಪಾಗುತ್ತಾನೆ. ಅವನು ನಿಂತಲ್ಲಿಂದಲೇ ನೋಡಿ, "ಇದು ಹೋತು, ಹೊಸದೇ ಹಾಕ್ಬೇಕು" ಎನ್ನುತ್ತಾನೆ. ಹೆಚ್ಚಿನ ಸಲ ಅದು ಹೋಗಿರುವುದಿಲ್ಲ. ಚಕ್ರದ ಬುಡದಲ್ಲಿ, ಗ್ಲ್ಯಾಂಡ್ ಎನ್ನುವ ಜಾಗದಲ್ಲಿ ತುಂಬಿದ ದಾರ ಸವೆದಿರುತ್ತದೆ, ಅಷ್ಟೇ.

ಸೋರುವ ಜಾಗವನ್ನು ಮೊದಲು ಹಿಡಿಯಬೇಕು. ನೀರು ಹೊರಬರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಶಿರಸಿಯ ಮಳೆಗಾಲದಲ್ಲಂತೂ ಗೋಡೆ, ಪೈಪು ಎಲ್ಲವೂ ಒದ್ದೆಯಾಗಿಯೇ ಇರುವುದರಿಂದ ಕಣ್ಣನ್ನು ನಂಬಬೇಡಿ. ವಾಲ್ವನ್ನು ಒಣಬಟ್ಟೆಯಲ್ಲಿ ಒರೆಸಿ, ಹಳೇ ಪೇಪರಿನ ಪಟ್ಟಿಗಳನ್ನು ಚಕ್ರದ ಕೆಳಗಿನ ಕಡ್ಡಿಗೆ, ನಡುವಿನ ದೊಡ್ಡ ನಟ್ಟಿನ ಸಂದಿಗೆ, ಪೈಪು ಸೇರುವ ಎರಡೂ ತುದಿಯ ಥ್ರೆಡ್ಡಿಗೆ ಸುತ್ತಿ. ಮೊದಲು ಯಾವುದು ನೆನೆಯುತ್ತದೋ ರೋಗ ಅಲ್ಲಿದೆ.

ಕಡ್ಡಿಯ ಬಳಿ ನೆನೆದರೆ ಅದು ಗ್ಲ್ಯಾಂಡ್ ಸೋರಿಕೆ. ಚಕ್ರದ ಜೊತೆ ತಿರುಗುವ ಆ ಕಡ್ಡಿಗೆ ಸ್ಪಿಂಡಲ್ ಎಂದು ಹೆಸರು. ಅದರ ಸುತ್ತ ದಾರದಂಥ ಪ್ಯಾಕಿಂಗ್ ಇರುತ್ತದೆ, ಮೇಲಿನ ಚಿಕ್ಕ ನಟ್ಟು ಅದನ್ನು ಒತ್ತಿ ಹಿಡಿದಿರುತ್ತದೆ. ನೀರು ಹರಿಯುತ್ತಿರುವಾಗಲೇ ಈ ನಟ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ, ಒಂದೆರಡು ನಿಮಿಷ ಕಾಯಿರಿ. ನಿಲ್ಲದಿದ್ದರೆ ಮತ್ತೆ ಅಷ್ಟೇ. ಚಕ್ರ ತಿರುಗಿಸಲು ಬಿಗಿ ಎನಿಸಿದರೆ ಹೆಚ್ಚಾಯಿತೆಂದು ಅರ್ಥ, ತುಸು ಸಡಿಲಿಸಿ. ಇದಕ್ಕೆ ಪೈಪ್ ಪಾನಾ ಬೇಡವೇ ಬೇಡ. ಅದರ ಹಲ್ಲು ಹಿತ್ತಾಳೆಯ ನಟ್ಟಿನ ಮೂಲೆಗಳನ್ನೆಲ್ಲ ತಿಂದುಹಾಕುತ್ತದೆ. ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸಣ್ಣ ಸ್ಕ್ರೂ ಪಾನಾ ಸಾಕು. ಇನ್ನೊಂದು ಪಾನಾದಿಂದ ವಾಲ್ವಿನ ಮೈಯನ್ನು ಹಿಡಿದುಕೊಳ್ಳಿ; ಇಲ್ಲವಾದರೆ ಬಲವೆಲ್ಲ ಪೈಪಿಗೆ ಹೋಗಿ, ಗೋಡೆಯೊಳಗಿನ ಜಾಯಿಂಟ್ ಬಾಯಿಬಿಡುತ್ತದೆ. ನಾನು ಕಂಡಂತೆ ಮನೆ ಕೆಡಿಸುವ ತಪ್ಪು ಇದೇ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಇನ್ನೊಂದು ಮಾತು. ಉಪ್ಪು ಗಾಳಿಗೆ ಹಿತ್ತಾಳೆ ಹಸಿರುಗಟ್ಟಿರುತ್ತದೆ. ಪಾನಾ ಹಾಕುವ ಮೊದಲು ಹುಣಸೆಹಣ್ಣು ತಿಕ್ಕಿ, ಹಳೇ ಬ್ರಶ್ಶಿನಲ್ಲಿ ಉಜ್ಜಿ ತೊಳೆಯಿರಿ. ತೊಳೆದ ಮೇಲೆ ಹಳದಿ ಕಂಡರೆ ಮುಂದುವರಿಯಿರಿ. ಅಲ್ಲಲ್ಲಿ ತಾಮ್ರದಂತೆ ಕೆಂಪಾಗಿ, ಚಿಕ್ಕ ರಂಧ್ರಗಳು ಕಂಡರೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿದೆ ಎಂದು ತಿಳಿಯಿರಿ. ಅಂಥದಕ್ಕೆ ಪಾನಾ ಹಾಕಿದರೆ ಕೈಯಲ್ಲೇ ಮುರಿಯುತ್ತದೆ. ಆ ವಾಲ್ವನ್ನು ಬದಲಿಸುವುದೇ ಸರಿ.

ನಟ್ಟು ಬಿಗಿದರೂ ಸೋರಿಕೆ ನಿಲ್ಲದಿದ್ದರೆ ಪ್ಯಾಕಿಂಗ್ ಹೊಸದಾಗಿ ತುಂಬಬೇಕು. ಕಷ್ಟವಿಲ್ಲ, ಆದರೆ ಅವಸರ ಬೇಡ. ಟಾಕಿಯ ಬಳಿ ನೀರು ಬಂದ್ ಮಾಡಿ, ಕೆಳಗಿನ ನಲ್ಲಿ ತೆರೆದು ಪೈಪು ಖಾಲಿ ಮಾಡಿ. ಚಕ್ರ ಬಿಚ್ಚಿ, ಗ್ಲ್ಯಾಂಡ್ ನಟ್ಟು ತೆಗೆಯಿರಿ. ಅದರಡಿ ಬಳೆಯಂಥ ಸಣ್ಣ ಬುಶ್ ಇದ್ದರೆ ಕಳೆದುಕೊಳ್ಳದೆ ಪಕ್ಕಕ್ಕಿಡಿ. ಹೇರ್‌ಪಿನ್ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಹಳೆಯ ದಾರವನ್ನು ಚೂರೂ ಉಳಿಯದಂತೆ ಎಳೆದು ತೆಗೆಯಿರಿ. ಹಳೆಯದರ ಮೇಲೆಯೇ ಹೊಸದು ತುರುಕಿದರೆ ವಾರದೊಳಗೆ ಮತ್ತೆ ಸೋರುತ್ತದೆ. ಕಡ್ಡಿಗೆ ಗೀರು ಬೀಳದಿರಲಿ, ಆ ಗೀರಿನಲ್ಲೇ ನೀರು ಏರಿ ಬರುತ್ತದೆ. ಒರಟಿದ್ದರೆ ತೀರಾ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ ಒರೆಸಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರಾಫೈಟ್ ಹಚ್ಚಿದ ಗ್ಲ್ಯಾಂಡ್ ಪ್ಯಾಕಿಂಗ್ ಕೇಳಿ. ಸಿಗದಿದ್ದರೆ ಮೊಳದುದ್ದದ ಟೆಫ್ಲಾನ್ ಟೇಪನ್ನು ದೀಪದ ಬತ್ತಿಯ ಹಾಗೆ ಹೊಸೆದುಕೊಂಡರೂ ಆಗುತ್ತದೆ. ಹೊಲಿಗೆಯ ಹತ್ತಿ ದಾರ ಬೇಡ, ಕೊಳೆಯುತ್ತದೆ. ಮೇಲಿನಿಂದ ನೋಡುವಾಗ ಮುಳ್ಳಿನ ದಿಕ್ಕಿಗೇ ಸುತ್ತಿ, ಅಂದರೆ ನಟ್ಟು ಬಿಗಿಯಾಗುವ ದಿಕ್ಕಿಗೆ. ಉಲ್ಟಾ ಸುತ್ತಿದ್ದನ್ನು ನಟ್ಟು ಬಿಚ್ಚುತ್ತಾ ಹೋಗುತ್ತದೆ. ಪ್ರತಿ ಸುತ್ತನ್ನೂ ಮೊಂಡು ಸ್ಕ್ರೂಡ್ರೈವರಿನಿಂದ ಅದುಮಿ ಕೂರಿಸಿ. ಬಾಯಿತನಕ ತುಂಬಬೇಡಿ, ನಟ್ಟು ಎರಡು ಥ್ರೆಡ್ಡಾದರೂ ಹಿಡಿಯಲು ಜಾಗ ಬಿಡಿ. ಕೈಯಲ್ಲಿ ಬಿಗಿದು, ನೀರು ನಿಧಾನಕ್ಕೆ ಬಿಟ್ಟು, ಮತ್ತೆ ಎಂಟನೇ ಒಂದು ಭಾಗದ ಲೆಕ್ಕ.

ತುದಿಯ ಥ್ರೆಡ್ಡಿನಲ್ಲಿ ಸೋರಿದರೆ ಬಿಚ್ಚಿ ಹೊಸ ಟೇಪ್ ಸುತ್ತುವುದೊಂದೇ ದಾರಿ. ಒದ್ದೆ ಪೈಪಿನ ಮೇಲೆ ಎಂ-ಸೀಲ್ ಮೆತ್ತುವುದು ರಿಪೇರಿಯಲ್ಲ. ಥ್ರೆಡ್ಡಿನ ಬಾಯಿ ನಿಮ್ಮ ಕಡೆಗಿರುವಾಗ ಮುಳ್ಳಿನ ದಿಕ್ಕಿಗೆ, ಮೊದಲ ಥ್ರೆಡ್ ಬಿಟ್ಟು, ಟೇಪನ್ನು ಬಿಗಿಯಾಗಿ ಎಳೆಯುತ್ತಾ ಆರೇಳು ಸುತ್ತು. ಉಸಿರು ಬಿಟ್ಟರೆ ಹಾರುವ ಅಗ್ಗದ ಟೇಪ್ ಆದರೆ ಹನ್ನೆರಡು ಸುತ್ತಿದರೂ ಕಡಿಮೆಯೇ, ಅದನ್ನು ತರಲೇಬೇಡಿ. ಸಿಪಿವಿಸಿ ಎನ್ನುವ ಪ್ಲಾಸ್ಟಿಕ್ ಪೈಪಿನ ಕಡೆ ಹಿತ್ತಾಳೆ ಥ್ರೆಡ್ ಇರುವ ಫಿಟಿಂಗನ್ನೇ ಕೊಳ್ಳಿ. ಬರೀ ಪ್ಲಾಸ್ಟಿಕ್ ಥ್ರೆಡ್ಡನ್ನು ಜೋರಾಗಿ ಬಿಗಿದರೆ ಆ ದಿನ ಏನೂ ಆಗುವುದಿಲ್ಲ, ತಿಂಗಳು ಕಳೆದ ಮೇಲೆ ಸೀಳುತ್ತದೆ.

ಸೋರಿಕೆಯಿಲ್ಲ, ಆದರೆ ಎಷ್ಟು ತಿರುಗಿಸಿದರೂ ನೀರು ಪೂರ್ತಿ ನಿಲ್ಲುತ್ತಿಲ್ಲ ಎನ್ನುವವರು ಹೆಚ್ಚಾಗಿ ಘಟ್ಟದ ಮೇಲಿನವರು. ಬೆಟ್ಟದ ಅಬ್ಬಿಯಿಂದ ಪೈಪಿನಲ್ಲಿ ಇಳಿಯುವ ನೀರಿನ ಜೊತೆ ಮರಳು, ಎಲೆಚೂರು ಬಂದು ವಾಲ್ವಿನೊಳಗೆ ನೀರು ತಡೆಯುವ ಗೇಟಿನ ಕೆಳಗೆ ಕೂರುತ್ತವೆ. ನೀರು ಹರಿಯುತ್ತಿರುವಾಗಲೇ ನಾಲ್ಕೈದು ಸಲ ತೆರೆದು ಮುಚ್ಚಿದರೆ ತೊಳೆದುಹೋಗುತ್ತದೆ. ನೀರು ಹಿಡಿಯುವಲ್ಲಿ ಜಾಳಿಗೆ ಕಟ್ಟಿ.

ಬದಲಿಸಲೇಬೇಕಾದರೆ ಗೇಟ್ ವಾಲ್ವ್ ಬಿಟ್ಟು, ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವ ಬಾಲ್ ವಾಲ್ವ್ ಹಾಕಿ. ಕರಾವಳಿಯಲ್ಲಿ, ಬಿಸಿಲು ತಾಗದ ಜಾಗವಾದರೆ ಪ್ಲಾಸ್ಟಿಕ್ಕಿನದೇ ನನಗೆ ಮೆಚ್ಚು. ಅಂಗಡಿಯವರು ಬೇಡವೆಂದರೂ ಪಕ್ಕದಲ್ಲೊಂದು ಯೂನಿಯನ್, ಅಂದರೆ ಬಿಚ್ಚಿ ಜೋಡಿಸಬಹುದಾದ ಜಾಯಿಂಟ್, ಕೂರಿಸಿ. ಮುಂದಿನ ಸಲ ಪೈಪು ಕೊಯ್ಯದೆ ವಾಲ್ವ್ ತೆಗೆಯಬಹುದು. ಗೇಟ್ ವಾಲ್ವ್ ಉಳಿಸಿಕೊಳ್ಳುವವರು ಅದನ್ನು ಪೂರ್ತಿ ತೆರೆದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಡಿ, ತಿಂಗಳಿಗೊಮ್ಮೆ ಚಕ್ರ ಆಡಿಸಿ.