ವಿದೇಶಾಂಗ ನಿರ್ಧಾರವನ್ನು ಬಿಚ್ಚಿ ನೋಡುವುದು ಹೇಗೆ? ಮೊದಲು ‘ಬೇಡ’ ಅನ್ನಬಲ್ಲವರನ್ನು ಹುಡುಕಿ

ನಮ್ಮ ಸರ್ಕಾರ ಬೇರೆ ದೇಶದ ಜೊತೆ ಏನೋ ಒಪ್ಪಂದ ಮಾಡಿಕೊಂಡಿತು, ಇಲ್ಲವೇ ಕೊನೇ ಗಳಿಗೆಯಲ್ಲಿ ಕೈಬಿಟ್ಟಿತು ಅಂದಾಗ ಊರಕಟ್ಟೆಯಲ್ಲೂ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಎರಡೇ ಮಾತು ಓಡಾಡುತ್ತವೆ. ‘ಎಲ್ಲಾ ಪ್ರಧಾನಿ ಒಬ್ಬರದೇ ತೀರ್ಮಾನ’ ಅನ್ನುವುದು ಒಂದು. ‘ಅಮೆರಿಕದವರು ಹೇಳಿದ್ರು, ಇವರು ತಲೆ ಆಡಿಸಿದ್ರು’ ಅನ್ನುವುದು ಇನ್ನೊಂದು. ಹೇಳೋಕೆ ಎರಡೂ ಸುಲಭ. ಆದರೆ ಅದರಿಂದ ಮುಂದಿನ ಸಲ ಏನಾಗಬಹುದು ಅಂತ ಒಂದಿಷ್ಟೂ ಗೊತ್ತಾಗಲ್ಲ.

ಇಂಥ ಸುದ್ದಿ ಬಂದಾಗ ಯಾರು ‘ಹೂಂ’ ಅಂದರು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಯಾರು ‘ಬೇಡ’ ಅಂದಿದ್ದರೆ ಇದು ನಿಂತುಹೋಗುತ್ತಿತ್ತು ಅಂತ ಹುಡುಕಿ. ಹೇಗೆ ಅಂತ ತೋರಿಸೋಕೆ ಎರಡು ಉದಾಹರಣೆ ತೆಗೆದುಕೊಳ್ಳುತ್ತೇನೆ. ಒಂದು, ಭಾರತ ಮತ್ತು ಅಮೆರಿಕದ ಅಣು ಒಪ್ಪಂದ. ನಮ್ಮ ನಾಗರಿಕ ರಿಯಾಕ್ಟರುಗಳನ್ನು ವಿದೇಶಿ ತಪಾಸಣೆಗೆ ತೆರೆದರೆ ಹೊರಗಿನಿಂದ ಯುರೇನಿಯಂ, ರಿಯಾಕ್ಟರ್ ಕೊಳ್ಳಬಹುದು ಅನ್ನುವುದು ಅದರ ತಿರುಳು. ದೇಶದಲ್ಲಿ ಅಷ್ಟೆಲ್ಲಾ ಗಲಾಟೆಯಾದರೂ ಅದು ಆಯಿತು. ಇನ್ನೊಂದು ಆರ್‌ಸಿಇಪಿ ಅನ್ನುವ ದೊಡ್ಡ ವ್ಯಾಪಾರ ಒಪ್ಪಂದ. ವರ್ಷಗಟ್ಟಲೆ ಮಾತುಕತೆ ನಡೆಸಿದ ಮೇಲೂ ಅದನ್ನು ನಾವು ಬಿಟ್ಟೆವು.

ಹೆಜ್ಜೆ 1: ಫೋಟೊ ಬಿಡಿ, ತಾರೀಖು ಹಿಡಿಯಿರಿ

ಇಬ್ಬರು ನಾಯಕರು ಕೈಕುಲುಕುವ ಫೋಟೊ ಒಂದು ದಿನದ್ದು. ನಿರ್ಧಾರ ಮಾತ್ರ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷದ್ದು. ಒಂದು ಹಾಳೆ ತೆಗೆದುಕೊಂಡು ತಾರೀಖು ಬರೆಯುತ್ತಾ ಹೋಗಿ.

ಅಣು ಒಪ್ಪಂದದ್ದು ಹೀಗಿದೆ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ವಾಷಿಂಗ್ಟನ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟರು. ಯಾವ ರಿಯಾಕ್ಟರ್ ನಾಗರಿಕ ಲೆಕ್ಕಕ್ಕೆ, ಯಾವುದು ಸೇನೆಯ ಲೆಕ್ಕಕ್ಕೆ ಅಂತ ಬೇರೆ ಮಾಡುವ ಯೋಜನೆ 2006ರ ಮಾರ್ಚಿನಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ಒಪ್ಪಂದಕ್ಕೆ ದಾರಿ ಮಾಡಿಕೊಟ್ಟ ಅಮೆರಿಕದ ಹೈಡ್ ಕಾಯ್ದೆ. 2008ರ ಜುಲೈ ಎರಡನೇ ವಾರದಲ್ಲಿ ಒಪ್ಪಂದ ಬೇಡ ಅಂತ ಎಡಪಕ್ಷಗಳು ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ಪಡೆದವು, 22ಕ್ಕೆ ಲೋಕಸಭೆಯಲ್ಲಿ ವಿಶ್ವಾಸಮತ. ಆಗಸ್ಟ್ 1ಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಒಪ್ಪಿಗೆ, ಸೆಪ್ಟೆಂಬರ್ 6ಕ್ಕೆ ಪರಮಾಣು ಪೂರೈಕೆದಾರ ದೇಶಗಳ ಗುಂಪಿನ ಒಪ್ಪಿಗೆ. ಅಕ್ಟೋಬರ್ 10ಕ್ಕೆ ಪ್ರಣಬ್ ಮುಖರ್ಜಿ ಮತ್ತು ಕಾಂಡೊಲೀಸಾ ರೈಸ್ ಸಹಿ ಹಾಕಿದರು.

ಇದರಲ್ಲಿ ಒಂದೊಂದು ತಾರೀಖೂ ಒಂದೊಂದು ಗೇಟು. ಪ್ರತಿ ಗೇಟಿನಲ್ಲೂ ಯಾರೋ ಒಬ್ಬರು ಬೀಗದ ಕೈ ಇಟ್ಟುಕೊಂಡು ನಿಂತಿದ್ದರು.

ಹೆಜ್ಜೆ 2: ಕಾನೂನಿನ ಪ್ರಕಾರ ಯಾರ ಒಪ್ಪಿಗೆ ಬೇಕು?

ಇಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕೋಕೆ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕು ಅಂತಿಲ್ಲ. ಸಂಪುಟ ಒಪ್ಪಿದರೆ ಸಾಕು. ದೇಶದೊಳಗಿನ ಕಾನೂನು ಬದಲಾಯಿಸಬೇಕಾದಾಗ ಮಾತ್ರ ಸಂಸತ್ತಿನ ಬಾಗಿಲು ತಟ್ಟಬೇಕು. ಅಣು ಒಪ್ಪಂದಕ್ಕಾಗಿ ಅಮೆರಿಕದ ಎರಡೂ ಸದನಗಳಲ್ಲಿ ಮತ ಬಿತ್ತು: ಕೆಳಮನೆಯಲ್ಲಿ 298-117, ಸೆನೆಟ್‌ನಲ್ಲಿ 86-13. ನಮ್ಮ ಸಂಸತ್ತಿನಲ್ಲಿ ಒಪ್ಪಂದದ ಮೇಲೆ ಮತವೇ ಬೀಳಲಿಲ್ಲ. ಬಿದ್ದದ್ದು ಸರ್ಕಾರ ಇರಬೇಕೋ ಬೇಡವೋ ಅನ್ನುವುದರ ಮೇಲೆ.

ನೆಲ ಬಿಟ್ಟುಕೊಡುವ ವಿಷಯವೇ ಬೇರೆ. ಬಾಂಗ್ಲಾದೇಶದ ಜೊತೆಗಿನ ಗಡಿ ಒಪ್ಪಂದಕ್ಕೆ ಇಂದಿರಾ ಗಾಂಧಿ ಮತ್ತು ಮುಜೀಬುರ್ ರೆಹಮಾನ್ ಸಹಿ ಹಾಕಿದ್ದು 1974ರಲ್ಲಿ. ದೇಶದ ನೆಲ ಇನ್ನೊಬ್ಬರಿಗೆ ಹೋಗಬೇಕಾದರೆ ಸಂವಿಧಾನ ತಿದ್ದುಪಡಿ ಆಗಲೇಬೇಕು ಅಂತ ಸುಪ್ರೀಂ ಕೋರ್ಟ್ ಅದಕ್ಕೂ ಮೊದಲೇ, 1960ರಲ್ಲೇ ಹೇಳಿಬಿಟ್ಟಿತ್ತು. ಹಾಗಾಗಿ ಗಡಿಯ ಆಚೆ ಈಚೆ ಸಿಕ್ಕಿಹಾಕಿಕೊಂಡಿದ್ದ 162 ತುಂಡು ಜಾಗಗಳ ಜನ 2015ರ 100ನೇ ತಿದ್ದುಪಡಿವರೆಗೆ ಕಾಯಬೇಕಾಯಿತು. ಸಹಿ ಬಿದ್ದು 41 ವರ್ಷ! ತೀಸ್ತಾ ನೀರಿನದು ಇನ್ನೊಂದು ಕಥೆ. 2011ರಲ್ಲಿ ಮನಮೋಹನ್ ಸಿಂಗ್ ಜೊತೆ ಢಾಕಾಗೆ ಬರಲ್ಲ ಅಂತ ಮಮತಾ ಬ್ಯಾನರ್ಜಿ ಹಿಂದೆ ಸರಿದರು, ಒಪ್ಪಂದ ಅಲ್ಲಿಗೇ ನಿಂತಿತು. ವಿದೇಶಾಂಗ ವ್ಯವಹಾರ ಕೇಂದ್ರದ್ದು ಅಂತ ಪುಸ್ತಕದಲ್ಲಿದೆ, ನಿಜ. ಆದರೆ ನದಿ ಹರಿಯುವುದು ರಾಜ್ಯದಲ್ಲಿ. ಕಾವೇರಿ ಜಗಳ ನೋಡಿಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹೆಜ್ಜೆ 3: ಫೈಲು ಯಾವ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು ನೋಡಿ

ವಿದೇಶಾಂಗ ಸಚಿವಾಲಯವೇ ಎಲ್ಲವನ್ನೂ ಮಾಡುತ್ತದೆ ಅಂದುಕೊಳ್ಳಬೇಡಿ. ಇಷ್ಟು ದೊಡ್ಡ ದೇಶಕ್ಕೆ ನಮ್ಮ ವಿದೇಶಾಂಗ ಸೇವೆಯ ಅಧಿಕಾರಿಗಳು ಸುಮಾರು ಒಂದು ಸಾವಿರ ಅಷ್ಟೇ. ವ್ಯಾಪಾರದ ಮಾತುಕತೆ ವಾಣಿಜ್ಯ ಸಚಿವಾಲಯದ್ದು. ಭದ್ರತೆ ಅಂದರೆ ಪ್ರಧಾನಿ ಕಚೇರಿ, ರಾಷ್ಟ್ರೀಯ ಭದ್ರತಾ ಸಲಹೆಗಾರ, ಸಂಪುಟದ ಭದ್ರತಾ ಸಮಿತಿ. ಅಣು ಅಂದರೆ ಮುಂಬೈಯಲ್ಲಿ ಕೂತ ಅಣುಶಕ್ತಿ ಇಲಾಖೆ.

ಆ ಇಲಾಖೆ ಆಗ ಸುಮ್ನೆ ಕೂರಲಿಲ್ಲ. 2006ರ ಫೆಬ್ರುವರಿಯಲ್ಲಿ, ಬುಷ್ ದೆಹಲಿಗೆ ಬರೋಕೆ ಕೆಲವೇ ವಾರ ಇದ್ದಾಗ, ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು, ನಮ್ಮ ಫಾಸ್ಟ್ ಬ್ರೀಡರ್ ರಿಯಾಕ್ಟರನ್ನು (ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವಂಥದ್ದು) ವಿದೇಶಿ ತಪಾಸಣೆಗೆ ಬಿಡೋಕಾಗಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಕುರ್ಚಿಯಲ್ಲಿರುವ ಅಧಿಕಾರಿ ತನ್ನದೇ ಸರ್ಕಾರದ ಮಾತುಕತೆ ನಡುವೆ ಹೀಗೆ ಬಾಯಿ ಬಿಡುವುದು ತೀರಾ ಅಪರೂಪ. ಕೆಲಸವೂ ಆಯಿತು. ಕಲ್ಪಾಕ್ಕಂನ ಬ್ರೀಡರ್ ತಪಾಸಣೆಯ ಪಟ್ಟಿಯಿಂದ ಹೊರಗೆ ಉಳಿಯಿತು. ಆಗ ಲೆಕ್ಕಕ್ಕೆ ತೆಗೆದುಕೊಂಡ 22 ವಿದ್ಯುತ್ ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ಕೊಟ್ಟು 8ನ್ನು ಇಟ್ಟುಕೊಂಡೆವು. ನಮ್ಮ ಕಾರವಾರದ ಪಕ್ಕದ ಕೈಗಾದ ನಾಲ್ಕೂ ಆ ಎಂಟರಲ್ಲಿ ಸೇರಿವೆ. ವಾಷಿಂಗ್ಟನ್‌ನಲ್ಲಿ ಆದ ಮಾತು ಕಾಳಿ ನದಿಯ ದಂಡೆಗೆ ಬರುವಷ್ಟರಲ್ಲಿ ಎಷ್ಟು ಬದಲಾಗಿತ್ತು ನೋಡಿ.

ಹೊರಗಿನವರ ‘ಬೇಡ’ಕ್ಕೂ ಒಂದು ಕಾಲಂ ಇರಲಿ. 45 ದೇಶಗಳ ಪೂರೈಕೆದಾರರ ಗುಂಪಿನಲ್ಲಿ ಎಲ್ಲರೂ ಒಪ್ಪಬೇಕಿತ್ತು, ಒಬ್ಬರು ತಲೆ ಅಡ್ಡ ಆಡಿಸಿದರೂ ಮುಗಿಯಿತು. ಆಸ್ಟ್ರಿಯಾ, ಐರ್ಲೆಂಡ್, ನ್ಯೂಜಿಲೆಂಡ್‌ನಂಥ ಪುಟ್ಟ ದೇಶಗಳು ಕೊನೆಯವರೆಗೂ ಸತಾಯಿಸಿದವು. ಅವರ ಮನೆಯಲ್ಲೂ ಅಣುಬಾಂಬ್ ವಿರೋಧಿ ಮತದಾರರಿದ್ದರು.

ಹೆಜ್ಜೆ 4: ‘ಜನ’ ಅಂದರೆ ಯಾವ ಜನ?

ಜನಾಭಿಪ್ರಾಯ ಅಂದ ಕೂಡಲೇ ನಾವು ಟಿವಿ ಚರ್ಚೆ, ಸಮೀಕ್ಷೆ ಅಂತ ಹೋಗುತ್ತೇವೆ. ನನ್ನ ಮಟ್ಟಿಗೆ ಅದು ದಾರಿ ತಪ್ಪಿಸುವ ಜಾಗ. ನೂರರಲ್ಲಿ ಎಷ್ಟು ಜನ ಏನಂದರು ಅನ್ನುವುದು ಮುಖ್ಯ ಅಲ್ಲ. ಯಾರು ಸಂಘ ಕಟ್ಟಿಕೊಂಡಿದ್ದಾರೆ, ಯಾರಿಗೆ ನಷ್ಟ ನೇರವಾಗಿ ತಟ್ಟುತ್ತದೆ, ಅವರು ಎಷ್ಟು ಕ್ಷೇತ್ರಗಳಲ್ಲಿ ಹರಡಿಕೊಂಡಿದ್ದಾರೆ, ಅದನ್ನು ನೋಡಿ.

ಆರ್‌ಸಿಇಪಿ ಇದಕ್ಕೆ ಒಳ್ಳೆ ಪಾಠ. ಆಗ್ನೇಯ ಏಷ್ಯಾದ 10 ದೇಶ, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ನಾವು, ಒಟ್ಟು 16 ದೇಶ ಸುಂಕ ಇಳಿಸಿಕೊಳ್ಳುವ ಒಪ್ಪಂದ. 2012ರಲ್ಲಿ ಶುರುವಾಯಿತು. ದೊಡ್ಡ ಹೆದರಿಕೆ ಚೀನಾದ್ದೇ. ಅವರ ಜೊತೆ ನಮ್ಮ ವ್ಯಾಪಾರ ಕೊರತೆ ಆಗಲೇ 5,000 ಕೋಟಿ ಡಾಲರ್ ದಾಟಿತ್ತು. ಆದರೆ ಹಳ್ಳಿಯಲ್ಲಿ ಮಾತಾದದ್ದು ಚೀನಾದ ಬಗ್ಗೆ ಅಲ್ಲ, ನ್ಯೂಜಿಲೆಂಡಿನ ಹಾಲಿನ ಪುಡಿಯ ಬಗ್ಗೆ.

ಯಾಕೆ ಅಂತ ಗೊತ್ತಾಗಬೇಕಾದರೆ ಮಂಡ್ಯವೋ ಕೋಲಾರವೋ, ಯಾವುದಾದರೂ ಹಳ್ಳಿಯ ಡೇರಿ ಮುಂದೆ ಬೆಳಿಗ್ಗೆ ನಿಂತುಕೊಳ್ಳಿ. ಸ್ಟೀಲ್ ಕ್ಯಾನು ಹಿಡಿದು ಒಬ್ಬೊಬ್ಬರೇ ಬರುತ್ತಾರೆ, ಒಬ್ಬರದು ಮೂರು ಲೀಟರ್, ಇನ್ನೊಬ್ಬರದು ಎಂಟು. ಕಾರ್ಯದರ್ಶಿ ಒಂದಿಷ್ಟು ಹಾಲು ತೆಗೆದು ಮಿಷನ್ನಿಗೆ ಇಡುತ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಬರುತ್ತದೆ, ಅದರ ಮೇಲೆ ರೇಟು. ಹಾಲು ಜಾಸ್ತಿ ಬರುವ ತಿಂಗಳಲ್ಲಿ ಒಕ್ಕೂಟ ಮಿಕ್ಕಿದ್ದನ್ನು ಪುಡಿ ಮಾಡಿಸುತ್ತದೆ. ಪುಡಿಗೆ ಬೆಲೆ ಇಲ್ಲದಿದ್ದರೆ ನಷ್ಟ ತಿರುಗಿ ಬಂದು ಡೇರಿಯ ರೇಟಿನ ಮೇಲೆ ಕೂರುತ್ತದೆ. 2013ರಲ್ಲಿ ಶಾಲಾ ಮಕ್ಕಳಿಗೆ ಕ್ಷೀರಭಾಗ್ಯ ಶುರು ಮಾಡಿದಾಗ, ಮಕ್ಕಳ ಹೊಟ್ಟೆಯ ಜೊತೆ ಹೀಗೆ ಮಿಕ್ಕ ಹಾಲಿಗೊಂದು ದಾರಿಯೂ ಆಯಿತು. ಇಂಥ ಕಡೆ ಹೊರದೇಶದ ಅಗ್ಗದ ಪುಡಿ ಬಂದು ಬಿದ್ದರೆ ಏನಾಗುತ್ತದೆ ಅಂತ ಹಾಲು ಹಾಕುವವರಿಗೆ ಅರ್ಥಶಾಸ್ತ್ರಜ್ಞರು ಹೇಳಬೇಕಿಲ್ಲ.

ಜೊತೆಗೆ ಹಳೇ ನೆನಪು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ವಿಯೆಟ್ನಾಂ ಮೆಣಸು, ನಮ್ಮ ಜೊತೆ ಮುಕ್ತ ವ್ಯಾಪಾರ ಒಪ್ಪಂದವಿರುವ ಶ್ರೀಲಂಕಾದ ಹೆಸರು ಹೊತ್ತು ಸುಂಕ ತಪ್ಪಿಸಿಕೊಂಡು ಬರುತ್ತಿದೆ ಅಂತ ವರ್ಷಗಟ್ಟಲೆ ಕೂಗಿದ್ದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಮೊದಲಿನ ಒಪ್ಪಂದದಲ್ಲಿ ಕೈ ಸುಟ್ಟುಕೊಂಡವರು ಮುಂದಿನದನ್ನು ನಂಬಲ್ಲ. ಆ ಅಪನಂಬಿಕೆಯೂ ಜನಾಭಿಪ್ರಾಯವೇ.

2019ರ ಅಕ್ಟೋಬರ್ ಹೊತ್ತಿಗೆ ಅಮುಲ್, ಎಡ ಪಕ್ಷಗಳ ರೈತ ಸಂಘಟನೆಗಳು, ಕಾಂಗ್ರೆಸ್, ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚ್ ಎಲ್ಲರೂ ಒಂದೇ ಕಡೆ ನಿಂತಿದ್ದರು. ಇವರೆಲ್ಲ ಇನ್ನೊಂದು ವಿಷಯದಲ್ಲಿ ಒಂದೇ ವೇದಿಕೆ ಹತ್ತುವುದನ್ನು ಊಹಿಸಿಕೊಳ್ಳಿ, ಆಗಲ್ಲ. ಎದುರುಗಡೆ ಯಾರಿದ್ದರು? ಒಪ್ಪಂದದಿಂದ ಲಾಭ ಆಗಬಹುದಾಗಿದ್ದವರು, ಅಂದರೆ ಗ್ರಾಹಕರು, ಕೆಲವು ರಫ್ತುದಾರರು, ಬೆಂಗಳೂರಿನ ಐಟಿಯವರು. ಅಗ್ಗದ ಚೀಸ್ ಬೇಕು ಅಂತ ಯಾರೂ ರಸ್ತೆ ತಡೆ ಮಾಡಲ್ಲ. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ನರೇಂದ್ರ ಮೋದಿ ಸೇರುವುದಿಲ್ಲ ಅಂದರು. ಉಳಿದ 15 ದೇಶ ಮರುವರ್ಷ ಸಹಿ ಹಾಕಿದವು.

ಹೆಜ್ಜೆ 5: ನಾಯಕರಿಗೆ ಎಷ್ಟು ಜಾಗ ಉಳಿದಿತ್ತು?

ಹಾಗಂತ ನಾಯಕರು ಬರೀ ಗಾಳಿ ಬಂದ ಕಡೆ ತಿರುಗುತ್ತಾರೆ ಅಂದುಕೊಂಡರೆ 2008 ಅರ್ಥವಾಗಲ್ಲ. ಆಗ ಹೆಚ್ಚುಕಮ್ಮಿ 60 ಸಂಸದರ ಎಡಪಕ್ಷಗಳು ಬೇಡ ಅಂದವು. ಲೆಕ್ಕದ ಪ್ರಕಾರ ಸರ್ಕಾರ ಅಲ್ಲೇ ಕೈಬಿಡಬೇಕಿತ್ತು. ಮೆತ್ತಗಿನ ಮನುಷ್ಯ ಅಂತ ಹೆಸರಾಗಿದ್ದ ಮನಮೋಹನ್ ಸಿಂಗ್ ಪಟ್ಟು ಬಿಡಲಿಲ್ಲ. ಸಮಾಜವಾದಿ ಪಕ್ಷ ಬೆಂಬಲಕ್ಕೆ ಬಂತು. ಅದು ತನ್ನ ಮತದಾರರಿಗೆ ಒಂದು ಕಾರಣ ತೋರಿಸಬೇಕಿತ್ತು, ಮುಲಾಯಂ ಸಿಂಗ್ ಹೋಗಿ ಅಬ್ದುಲ್ ಕಲಾಂ ಅವರನ್ನು ಕಂಡರು. ಒಪ್ಪಂದ ದೇಶಕ್ಕೆ ಒಳ್ಳೆಯದು ಅಂತ ಕಲಾಂ ಹೇಳಿದ ಮೇಲೆ ಇನ್ನೇನು ಬೇಕು! ಮತಕ್ಕೆ ಲಂಚ ಅನ್ನುವ ಆರೋಪ ಎದ್ದು ಸದನದಲ್ಲಿ ನೋಟಿನ ಕಟ್ಟು ಹಾರಾಡಿದ್ದು, ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ಪಕ್ಷದ ವಿಪ್ (ಹೀಗೇ ಮತ ಹಾಕಿ ಅನ್ನುವ ಆದೇಶ) ಮೀರಿ ಸರ್ಕಾರದ ಪರ ಮತ ಹಾಕಿ ಪಕ್ಷದಿಂದ ಹೊರಬಿದ್ದಿದ್ದು ಎಲ್ಲ ಆಗಲೇ. 275-256ರಲ್ಲಿ ಸರ್ಕಾರ ಉಳಿಯಿತು.

ಇನ್ನೊಂದು ಚಾಣಾಕ್ಷ ದಾರಿಯೂ ಇದೆ. ಮನೆಯೊಳಗಿನ ವಿರೋಧವನ್ನೇ ಹೊರಗಿನವರಿಗೆ ನೆಪವಾಗಿ ತೋರಿಸುವುದು. 2003ರಲ್ಲಿ ಇರಾಕಿಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತು. ಸರ್ಕಾರದೊಳಗೇ ಕಳಿಸೋಣ ಅನ್ನುವವರಿದ್ದರು. ವಾಜಪೇಯಿ ಎಡಪಕ್ಷದ ನಾಯಕರನ್ನು ಕರೆದು, ನಿಮ್ಮ ಪ್ರತಿಭಟನೆ ಇನ್ನೂ ಜೋರಾಗಿ ಕೇಳಿಸಬೇಕು ಅಂದರಂತೆ. ದೆಹಲಿಯಲ್ಲಿ ಇದನ್ನು ಈಗಲೂ ಹೇಳುತ್ತಾರೆ. ಜುಲೈ 14ಕ್ಕೆ ಭದ್ರತಾ ಸಮಿತಿ ಕೂತು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇದ್ದರೆ ನೋಡೋಣ ಅಂತ ನಯವಾಗಿ ಇಲ್ಲ ಅಂದಿತು. ಆರ್‌ಸಿಇಪಿಯಲ್ಲೂ ಹೀಗೇ ಆಗಿರಬಹುದು ಅನ್ನುವುದು ನನ್ನ ಅನುಮಾನ. ಮೋದಿ ರೈತರಿಗೆ ಮಣಿದರು ಅಂತ ಒಬ್ಬರು, ರೈತರನ್ನು ತೋರಿಸಿ ಚೀನಾದಿಂದ ತಪ್ಪಿಸಿಕೊಂಡರು ಅಂತ ಇನ್ನೊಬ್ಬರು ಅಂದರೆ, ಎರಡೂ ಒಟ್ಟಿಗೇ ನಿಜ ಇರಬಹುದು.

ಹೆಜ್ಜೆ 6: ಸಹಿ ಆದ ಮೇಲೂ ಪೆನ್ನು ಕೆಳಗಿಡಬೇಡಿ

ನನಗೆ ಇಡೀ ಅಣು ಕಥೆಯಲ್ಲಿ ತುಂಬಾ ಹಿಡಿಸುವ ಭಾಗ ಇದು. ಒಪ್ಪಂದ ಆಯಿತು, ಇನ್ನು ಅಮೆರಿಕದ ಕಂಪನಿಗಳು ರಿಯಾಕ್ಟರ್ ತರಬೇಕು. ಅದಕ್ಕೆ ಅಪಘಾತವಾದರೆ ಪರಿಹಾರ ಯಾರು ಕೊಡಬೇಕು ಅನ್ನುವ ಕಾನೂನು ಬೇಕಿತ್ತು. ಆ ಮಸೂದೆ ಸಂಸತ್ತಿನಲ್ಲಿದ್ದಾಗಲೇ, 2010ರ ಜೂನ್ 7ಕ್ಕೆ, ಭೋಪಾಲ್ ಅನಿಲ ದುರಂತದ ತೀರ್ಪು ಬಂತು. ಸಾವಿರಾರು ಜನ ಸತ್ತ ಪ್ರಕರಣಕ್ಕೆ 25 ವರ್ಷದ ಮೇಲೆ ಎರಡೇ ವರ್ಷ ಶಿಕ್ಷೆ! ದೇಶ ಕುದಿಯಿತು. ವಿದೇಶಿ ಕಂಪನಿಯನ್ನು ಸುಲಭಕ್ಕೆ ಬಿಡುವ ಕಾನೂನಿಗೆ ಆ ವಾತಾವರಣದಲ್ಲಿ ಕೈ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಯಂತ್ರದಲ್ಲಿ ದೋಷವಿದ್ದರೆ ಪೂರೈಸಿದವರ ಮೇಲೂ ಹೋಗಬಹುದು ಅನ್ನುವ ಮಾತು ಆಗಸ್ಟಿನಲ್ಲಿ ಕಾಯ್ದೆಗೆ ಸೇರಿತು. ಕಂಪನಿಗಳು ಹಿಂದೇಟು ಹಾಕಿದವು. ಬೇರೆ ದೇಶಗಳಿಂದ ಯುರೇನಿಯಂ ಬಂತು, ಅದು ದೊಡ್ಡ ಲಾಭವೇ, ಆದರೆ ಅಮೆರಿಕದ ರಿಯಾಕ್ಟರುಗಳು ವರ್ಷಗಟ್ಟಲೆ ಕಾಗದದ ಮೇಲೇ ಉಳಿದವು. 2008ರಲ್ಲಿ ಸೋತಿದ್ದ ‘ಬೇಡ’ 2010ರಲ್ಲಿ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು.

ಈಗ ನೀವೇ ಮಾಡಿ ನೋಡಿ

ಸುಲಭದ್ದರಿಂದ ಶುರು ಮಾಡಿ. 2022ರ ಏಪ್ರಿಲ್ 2ಕ್ಕೆ ಆಸ್ಟ್ರೇಲಿಯಾ ಜೊತೆ ಆದ ವ್ಯಾಪಾರ ಒಪ್ಪಂದ ತೆಗೆದುಕೊಳ್ಳಿ. ಆರ್‌ಸಿಇಪಿಯಲ್ಲಿ ಇದ್ದ ಅದೇ ಆಸ್ಟ್ರೇಲಿಯಾ. ವಾಣಿಜ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ಭಾರತದ ಸುಂಕದ ಪಟ್ಟಿ ಸಿಗುತ್ತದೆ. ನೂರಾರು ಪುಟ ನೋಡಿ ಗಾಬರಿಯಾಗಬೇಡಿ, ನೇರ 4ನೇ ಅಧ್ಯಾಯಕ್ಕೆ ಹೋಗಿ. ಹಾಲು, ಬೆಣ್ಣೆ, ಚೀಸ್, ಹಾಲಿನ ಪುಡಿ ಇರುವುದು ಅಲ್ಲಿ. ಯಾವ ಸಾಲಿನಲ್ಲಿ ಸುಂಕ ಇಳಿದಿದೆ, ಯಾವುದನ್ನು ಒಪ್ಪಂದದಿಂದಲೇ ಹೊರಗಿಟ್ಟಿದ್ದಾರೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಸಂಸತ್ತಿನ ವೆಬ್‌ಸೈಟಿಗೆ ಹೋಗಿ, ಆ ವರ್ಷ ಹಾಲಿನ ಬಗ್ಗೆ ಪ್ರಶ್ನೆ ಕೇಳಿದ ಸಂಸದರು ಯಾವ ಯಾವ ಜಿಲ್ಲೆಯವರು ಅಂತ ನೋಡಿ.